ಹಲಗೆಯ ಮೇಲಿನ ಕೆಸರು

ಫೆಬ್ರವರಿ 11

ಮಗಳೇ,

ನಿನ್ನ ಕಾರ್ಡು ತಲುಪಿತು. ‘ಚೆನ್ನಾಗಿದ್ದೇನೆ, ಊಟ ಸರಿಯಾಗಿದೆ, ಚಿಂತೆ ಬೇಡ.’ ಹೋದ ಸಲವೂ ಇಷ್ಟೇ ಇತ್ತು, ಅದರ ಹಿಂದಿನ ಸಲವೂ ಇಷ್ಟೇ. ಸೇನೆಯವರು ಇದನ್ನು ಅಚ್ಚು ಹಾಕಿಸಿ ಹಂಚುತ್ತಾರೋ ಏನೋ ಎಂದು ನಿನ್ನ ಅಮ್ಮನಿಗೆ ಅನುಮಾನ. ಅಲ್ಲಿ ಫೋನು ಸಿಗುವುದಿಲ್ಲ, ಒಪ್ಪಿದೆ. ಮಾತಿಗೂ ಬರಗಾಲವೇ?

ನನ್ನ ಸುದ್ದಿ ಕೇಳು. ಹಲ್ಲು ಕಟ್ಟುವ ಕೆಲಸ ಬಿಟ್ಟ ಮೇಲೆ ಕೈ ಸುಮ್ಮನಿರುತ್ತಿಲ್ಲ. ಕಂಡವರ ಬಾಯಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಟ್ಟವನು ಈಗ ಕಿಟಕಿ ಪಕ್ಕದ ಮೇಜಿನಲ್ಲಿ ಗೇಣುದ್ದದ ಲಾರಿ ಅಂಟಿಸುತ್ತಾ ಕೂತಿದ್ದೇನೆ. ನಮ್ಮ ಮಾಡೆಲ್ ಕ್ಲಬ್ಬಿನ ಪ್ರದರ್ಶನ ಅಕ್ಟೋಬರಿನಲ್ಲಿ. ಹೋದ ವರ್ಷ ನಮ್ಮ ಕಾರ್ಯದರ್ಶಿ, ಅದೇ ಗಡಿಯಾರ ರಿಪೇರಿಯವನು, ನನ್ನ ಯುದ್ಧಟ್ಯಾಂಕಿನ ಮಾಡೆಲಿಗೆ ಒಂದು ಸುತ್ತು ಬಂದು, ಟ್ಯಾಂಕು ಸೊಗಸಾಗಿದೆ, ಆದರೆ ಬಿಸ್ಕತ್ತಿನ ಮೇಲೆ ಇಟ್ಟ ಹಾಗಿದೆಯಲ್ಲ ಎಂದ. ಮೈಯೆಲ್ಲ ಉರಿದುಹೋಯಿತು. ಯಾಕೆ ಉರಿಯಿತೆಂದರೆ ಅವನು ಹೇಳಿದ್ದು ನಿಜ.

ಹಾಗಾಗಿ ಈ ವರ್ಷ ಮೊದಲು ನೆಲ, ಲಾರಿ ಆಮೇಲೆ. ಕೆಸರಿನಲ್ಲಿ ಹೂತುಹೋದ ಒಂದು ಸೇನೆಯ ಲಾರಿ, ಅದನ್ನು ಎಳೆಯಲು ಬಂದ ಇನ್ನೊಂದು. ಅಂದರೆ ನಿನ್ನ ಕೆಲಸವೇ. ಇಡೀ ದಿನ ಕೆಸರಿನಲ್ಲಿ ಬಿದ್ದಿರುವವಳು ನೀನು. ನಿಜವಾದ ಕೆಸರು ಹೇಗಿರುತ್ತದೆ, ಸ್ವಲ್ಪ ಬರೆ. ಕಾರ್ಡಿನಲ್ಲಿ ಬೇಡ, ಕಾಗದದಲ್ಲಿ.

ನಿನ್ನ ಅಪ್ಪ


ಮಾರ್ಚ್ 3

ಅಪ್ಪಾ,

ಕೆಸರು ಕೆಸರಿನ ಹಾಗಿರುತ್ತದೆ. ಇನ್ನು ಹೇಗಿರಬೇಕು? ಬೂಟಿನೊಳಗೆ ಇರುತ್ತದೆ, ಕಿವಿಯಲ್ಲಿರುತ್ತದೆ, ಅನ್ನದ ತಟ್ಟೆಯಲ್ಲೂ ಇರುತ್ತದೆ. ಒಂದು ವಾರದಿಂದ ನೆಟ್ಟಗೆ ನಿದ್ದೆಯಿಲ್ಲ. ಸಂಜೆ ನಿಮ್ಮ ಕಾಗದ ಓದಿ, ಅಪ್ಪನಿಗೆ ಬೇರೆ ಕೆಲಸವಿಲ್ಲವಾ ಎಂದು ಗೊಣಗಿದೆ. ಪಕ್ಕದಲ್ಲಿದ್ದ ಗಿಣಿ ಬಿದ್ದು ಬಿದ್ದು ನಕ್ಕಳು. ಗಿಣಿ ನನ್ನ ಜೊತೆಗಾತಿ. ನಾನು ಲಾರಿ ಓಡಿಸುತ್ತೇನೆ, ಅವಳು ಇಳಿದು ಕೇಬಲ್ ಕಟ್ಟುತ್ತಾಳೆ. ಎದ್ದಾಗಿನಿಂದ ಮಲಗುವ ತನಕ ಬಾಯಿ ಮುಚ್ಚುವುದಿಲ್ಲ, ಅದಕ್ಕೆ ಆ ಹೆಸರು. ಅಪ್ಪ ಕೇಳಿದ್ದಾರಲ್ಲ, ಬರಿ, ನಾನೂ ಹೇಳ್ತೀನಿ ಅಂತ ಅವಳೇ ಕೂತು ಬರೆಸುತ್ತಿದ್ದಾಳೆ.

ಮೊದಲನೆಯದು, ಲಾರಿ ನೆಲದ ಮೇಲೆ ನಿಲ್ಲುವುದಿಲ್ಲ, ನೆಲದೊಳಗೆ ಕೂರುತ್ತದೆ. ಗಾಲಿ ಒತ್ತಿದ ಮಣ್ಣು ಮಾಯವಾಗುವುದಿಲ್ಲ, ಎರಡೂ ಪಕ್ಕಕ್ಕೆ ಉಬ್ಬುತ್ತದೆ. ನಿಮ್ಮ ಮಾಡೆಲುಗಳಲ್ಲಿ ಆ ಉಬ್ಬು ನಾನು ಯಾವತ್ತೂ ನೋಡಿಲ್ಲ. ಕೆಸರಿಗೆ ಒಂದೇ ಬಣ್ಣವೂ ಇಲ್ಲ. ಒಣಗಿದ್ದು ಬೂದಿಯ ಹಾಗೆ, ಹಸಿ ಇದ್ದದ್ದು ಗಾಢ, ನಿಂತ ನೀರಿನ ಅಂಚಿನಲ್ಲಿ ಕಪ್ಪೇ ಕಪ್ಪು. ಆಮೇಲೆ ಹೆಜ್ಜೆಗಳು. ಇಲ್ಲಿ ಯಾರೂ ನೆಟ್ಟಗೆ ನಡೆಯುವುದಿಲ್ಲ, ಗಟ್ಟಿ ಜಾಗ ಹುಡುಕಿಕೊಂಡು ಕುಂಟಾಬಿಲ್ಲೆ ಆಡುವವರ ಹಾಗೆ ನೆಗೆಯುತ್ತಾರೆ. ಕಸ ಮರೆಯಬೇಡಿ ಎನ್ನುತ್ತಿದ್ದಾಳೆ ಗಿಣಿ. ಡಬ್ಬದ ಮುಚ್ಚಳ, ತಂತಿಯ ಚೂರು, ಯಾರದೋ ಒಂಟಿ ಕೈಗವಸು. ಕೈಗವಸು ಅವಳದೇ. ಇನ್ನೂ ಹುಡುಕುತ್ತಿದ್ದಾಳೆ.

ಮಲಗುತ್ತೇನೆ. ಅಮ್ಮನಿಗೆ ಕಾಲುಚೀಲ ತಲುಪಿತು ಎಂದು ಹೇಳಿ.

ನಿಮ್ಮ ಕಡ್ಡಿ


ಮಾರ್ಚ್ 24

ಕಡ್ಡಿ,

ನಿನ್ನ ಕಾಗದವನ್ನು ನಿನ್ನ ಅಮ್ಮ ಎರಡು ಸಲ ಓದಿಸಿಕೊಂಡಳು. ಊಟದ ತಟ್ಟೆಯಲ್ಲಿ ಕೆಸರು ಎಂಬಲ್ಲಿ ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದಳು. ಆ ಕೆಸರನ್ನು ನಾನೇ ಹಾಕಿದವನ ಹಾಗೆ.

ಕೆಲಸ ಭರ್ಜರಿಯಾಗಿ ಸಾಗಿದೆ. ಹಲಗೆಯ ಮೇಲೆ ಥರ್ಮಾಕೋಲ್ ಕೊರೆದು ಅಂಟಿಸಿ ರಸ್ತೆಯ ಏರಿಳಿತ ಮಾಡಿದೆ. ಅದರ ಮೇಲೆ ಹಲ್ಲಿನ ಅಚ್ಚಿಗೆ ಬಳಸುತ್ತಿದ್ದ ಪ್ಲಾಸ್ಟರ್. ಉಳಿದ ಮೂಟೆ ಎಸೆದುಬಿಡಿ ಎಂದು ನಿನ್ನ ಅಮ್ಮ ಎಷ್ಟು ದಿನ ತಲೆ ತಿಂದಿದ್ದಳು. ಹಿತ್ತಲಿನ ಮಣ್ಣನ್ನು ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು, ಗೋಂದು ಕಲಸಿ, ಮೇಲೆ ಬಳಿದೆ. ಲಾರಿ ಮೂವತ್ತೈದು ಪಟ್ಟು ಚಿಕ್ಕದಾದರೆ ಮಣ್ಣೂ ಅಷ್ಟೇ ಚಿಕ್ಕದಾಗಬೇಕಲ್ಲ, ಇಲ್ಲದಿದ್ದರೆ ಒಂದೊಂದು ಮರಳಿನ ಕಾಳೂ ಬಂಡೆಯ ಹಾಗೆ ಕಾಣುತ್ತದೆ. ಮೊದಲ ಸಲ ಹಸಿ ಮಣ್ಣನ್ನೇ ಬಳಿದಿದ್ದೆ. ಒಂದು ವಾರಕ್ಕೆ ರಣರಂಗದ ತುಂಬ ಹುಲ್ಲು ಮೊಳೆಯಿತು. ಪಾಪ, ಬೆರಳುದ್ದದ ಸೈನಿಕರು ಸೊಂಟದವರೆಗೆ ಹುಲ್ಲಿನಲ್ಲಿ ನಿಂತಿದ್ದರು. ಕಿತ್ತು ಹಾಕಿ, ಈ ಸಲ ಮಣ್ಣನ್ನು ಬಾಣಲೆಯಲ್ಲಿ ಹುರಿದೆ. ಯಾವ ಬಾಣಲೆ ಎಂದು ಕೇಳಬೇಡ. ಮನೆಯಲ್ಲಿ ನಾಲ್ಕು ದಿನ ನನ್ನ ಜೊತೆ ಯಾರೂ ಮಾತಾಡಲಿಲ್ಲ.

ನೀನು ಹೇಳಿದ ಉಬ್ಬು ಮಾಡಿದೆ. ಪ್ಲಾಸ್ಟರ್ ಹಸಿ ಇರುವಾಗಲೇ ಗಾಲಿ ಒತ್ತಿದೆ. ನೋಡಿದರೆ ನಿಜಕ್ಕೂ ಲಾರಿಗೆ ಭಾರ ಬಂದುಬಿಟ್ಟಿದೆ. ಗಿಣಿಗೆ ನನ್ನ ಸಲಾಮು ಹೇಳು. ಅವಳ ಕೈಗವಸನ್ನು ಸಿಗರೇಟಿನ ಬೆಳ್ಳಿ ಕಾಗದದಲ್ಲಿ ಮಾಡಿ ಮೂಲೆಯಲ್ಲಿಟ್ಟಿದ್ದೇನೆ, ಹುಡುಕುವುದು ಬೇಡ.

ಈಗ ರಸ್ತೆಯ ಪಕ್ಕಕ್ಕೆ ಒಂದು ಕಾಲುವೆ ಬೇಕು. ನಿಮ್ಮಲ್ಲಿ ಇದೆಯೇ? ಹೇಗಿದೆ? ದಂಡೆ ಎಂಥದು?

ಅಪ್ಪ


ಏಪ್ರಿಲ್ 30

ಅಪ್ಪಾ,

ರಜೆಗೆ ಹೊರಟವರೊಬ್ಬರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಅಂಚೆಗಿಂತ ಬೇಗ ಸಿಗುತ್ತದೆ.

ಕಾಲುವೆ ಕೇಳಿದ್ದಿರಿ. ಇದೆ. ರಸ್ತೆಯ ಎಡಕ್ಕೆ, ರಸ್ತೆಯಿಂದ ಲಾರಿಯ ಒಂದು ಉದ್ದದಷ್ಟು ದೂರ. ದಂಡೆಯ ಮೇಲ್ಪದರ ಒಣಗಿ ಹೆಂಚಿನ ಹಾಗೆ ಬಿರುಕು ಬಿಟ್ಟಿದೆ. ಗಟ್ಟಿ ಎಂದು ಕಾಣುತ್ತದೆ, ಗಟ್ಟಿಯಲ್ಲ. ಕೆಳಗೆ ನೀರು ಕೊರೆದುಬಿಟ್ಟಿದೆ. ಒಂದು ಕಡೆ ದಂಡೆ ಕುಸಿದಿದೆ. ಕುಸಿದದ್ದು ಒಳಗಿನ ಮಣ್ಣು, ಅದರ ಬಣ್ಣವೇ ಬೇರೆ, ಹಳದಿ ಕಲಸಿದ ಕೆಂಪು, ತಾಜಾ. ಮೇಲಿನ ಹುಲ್ಲಿನ ಹೆಂಟೆ ಬೇರಿನ ಸಮೇತ ತಲೆಕೆಳಗಾಗಿ ಕೂತಿದೆ. ಬೇರುಗಳು ಬಿಳಿ, ದಾರದ ಹಾಗೆ. ನೀರು ಮೊದಲು ಬಗ್ಗಡವಾಗಿತ್ತು. ಮರುದಿನ ತಿಳಿಯಾಯಿತು, ಅಡಿಯಲ್ಲಿ ಸಲಿಕೆಯ ಗುರುತುಗಳು ಕಾಣುತ್ತಿದ್ದವು. ಸಲಿಕೆ ತೆಗೆದ ಜಾಗ ನುಣ್ಣಗೆ ಹೊಳೆಯುತ್ತದೆ. ಉಳಿದ ಕಡೆ ಎಲ್ಲ ಹೆಜ್ಜೆ, ಒಂದರ ಮೇಲೊಂದು, ಯಾವುದು ಯಾರದೆಂದು ಗೊತ್ತಾಗುವುದಿಲ್ಲ. ಮಂಡಿಯೂರಿದ ಗುರುತುಗಳೂ ಇವೆ. ಅವನ್ನು ಹೇಗೆ ಮಾಡುತ್ತೀರೋ ಗೊತ್ತಿಲ್ಲ.

ಇಷ್ಟು ಸಾಕು ಅಪ್ಪಾ. ಸುಸ್ತಾಗಿದೆ.

ಕಡ್ಡಿ


ಮೇ 16

ಮಗಳೇ,

ಏನು ಕಣ್ಣು ನಿಂದು! ಇಷ್ಟು ವರ್ಷ ಮಾಡೆಲ್ ಪುಸ್ತಕ ಓದಿದ್ದೇನೆ, ಇಂಥ ಕಾಲುವೆಯನ್ನು ಯಾರೂ ಬರೆದಿಲ್ಲ. ಮೂರು ವಾರದ ಕೆಲಸವನ್ನು ಕಿತ್ತು ಹಾಕಿ ಮತ್ತೆ ಕೂತೆ. ಹುಲ್ಲಿನ ಹೆಂಟೆ ತಲೆಕೆಳಗಾಗಿಸಿ ಅಂಟಿಸಿದೆ, ಬೇರಿಗೆ ಹೊಲಿಗೆ ದಾರ. ಸಲಿಕೆಯ ಗುರುತಿಗೆ ಹಲ್ಲಿನ ಮೇಣ ಕೆತ್ತುವ ಚಮಚ ಸರಿಯಾಗಿ ಒದಗಿತು. ಮಂಡಿಯ ಗುರುತನ್ನು ಪೆನ್ಸಿಲಿನ ಹಿಂದಿನ ರಬ್ಬರಿನಲ್ಲಿ ಒತ್ತಿದೆ. ಕೊನೆಗೆ ನೀರಿಗೆ ವಾರ್ನಿಷ್, ತೆಳ್ಳಗೆ ಹತ್ತಾರು ಪದರ. ಕುಸಿದ ಮಣ್ಣಿನ ಮೇಲೂ ಒಂದು ಕೈ ಎಳೆದೆ. ಹಸಿಹಸಿಯಾಗಿ ಹೊಳೆಯುತ್ತಿದೆ. ಅಡಿಗೆಮನೆಯಿಂದ ನಿನ್ನ ಅಮ್ಮನನ್ನು ಎಳೆದುಕೊಂಡು ಬಂದು, ಎಷ್ಟು ಚೆನ್ನಾಗಿ ಕುಸಿದಿದೆ ನೋಡು ಎಂದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದಳು.

ಇನ್ನು ಕೆಲವು ಅನುಮಾನ. ಕಾಲುವೆಯ ಆಳ ಎಷ್ಟು, ಅಗಲ ಎಷ್ಟು? ನೀವು ಮಲಗುವ ಡೇರೆಗಳು ಅಲ್ಲಿಂದ ಎಷ್ಟು ದೂರ? ರಸ್ತೆ ಯಾವ ದಿಕ್ಕಿಗೆ ಹೋಗುತ್ತದೆ? ಬೆಳಕು ಯಾವ ಕಡೆಯಿಂದ ಬೀಳಬೇಕು ಎಂದು ತಿಳಿಯಲು ಕೇಳುತ್ತಿದ್ದೇನೆ. ಲಾರಿಗಳು ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ಹಾಯುತ್ತವೆ? ಒಂದು ನಕ್ಷೆ ಬರೆದು ಕಳಿಸಿದರೆ ಇನ್ನೂ ಒಳ್ಳೆಯದು.

ಗಿಣಿ ಹೇಗಿದ್ದಾಳೆ? ನಿನ್ನ ಕಾಗದದಲ್ಲಿ ಅವಳ ಸುದ್ದಿಯೇ ಇರಲಿಲ್ಲ.

ಅಪ್ಪ


ಜೂನ್ 8

ಅಪ್ಪಾ,

ನಿಮಗೆ ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ಇಲ್ಲಿಗೆ ಬರುವ, ಇಲ್ಲಿಂದ ಹೋಗುವ ಕಾಗದಗಳನ್ನೆಲ್ಲ ಒಬ್ಬ ಅಧಿಕಾರಿ ಓದುತ್ತಾರೆ. ನಿಮ್ಮದನ್ನೂ ಓದಿದರು. ಆಳ ಎಷ್ಟು, ಡೇರೆ ಎಷ್ಟು ದೂರ, ಲಾರಿ ಎಷ್ಟು ಹೊತ್ತಿಗೆ, ನಕ್ಷೆ ಕಳಿಸು. ಅವರ ಜಾಗದಲ್ಲಿ ಕೂತು ಒಂದು ಸಲ ಓದಿನೋಡಿ.

ನನ್ನನ್ನು ಕರೆಸಿ ಈ ಮನುಷ್ಯ ಯಾರು ಎಂದು ಕೇಳಿದರು. ನಮ್ಮಪ್ಪ ಎಂದೆ. ಏನು ಕೆಲಸ ಎಂದರು. ಹಲ್ಲು ಕಟ್ಟುತ್ತಿದ್ದರು, ಈಗ ಆಟಿಕೆ ಮಾಡುತ್ತಾರೆ ಎಂದೆ. ನಗಲಿಲ್ಲ. ನಾನು ಕೈಯಲ್ಲಿ ಕೊಟ್ಟು ಕಳಿಸಿದ ಕಾಗದದ ವಿಷಯವೂ ಹೊರಗೆ ಬಂತು. ಅಂಚೆ ತಪ್ಪಿಸಿ ಕಳಿಸಿದ್ದು ಯಾಕೆ ಎಂದು ಇಡೀ ಬೆಳಿಗ್ಗೆ ಕೂರಿಸಿ ಕೇಳಿದರು. ಜುಲೈನಲ್ಲಿ ಸಿಗಬೇಕಿದ್ದ ರಜೆ ತಡೆಹಿಡಿದಿದ್ದಾರೆ. ವಿಚಾರಣೆ ಮುಗಿಯುವ ತನಕ ಇಲ್ಲ.

ದಯವಿಟ್ಟು ಇನ್ನು ನೆಲದ ಬಗ್ಗೆ ಒಂದು ಅಕ್ಷರ ಕೇಳಬೇಡಿ. ನಿಮ್ಮ ಮೇಲೆ ಕೋಪ ಮಾಡಿಕೊಳ್ಳುವಷ್ಟೂ ತ್ರಾಣ ನನಗಿಲ್ಲ. ಆ ರಜೆ ನನಗೆ ಬೇಕಿತ್ತು.

ಕಡ್ಡಿ


ಜುಲೈ 2

ಮಗಳೇ,

ನಿನ್ನೆ ವಿಚಾರಣೆಗೆಂದು ಇಬ್ಬರು ಬಂದಿದ್ದರು. ಇಸ್ತ್ರಿ ಅಂಗಿ, ಮೆತ್ತಗಿನ ಮಾತು. ಮೇಜಿನ ಮುಂದೆ ನಿಂತು ನೋಡಿದರು. ಚಿಕ್ಕವನು ಫೋಟೋ ತೆಗೆಯುತ್ತಾ ಹೋದ. ದೊಡ್ಡವನು ಕುಕ್ಕರಗಾಲಿನಲ್ಲಿ ಕೂತು ಹಲಗೆಯ ಮಟ್ಟಕ್ಕೆ ಕಣ್ಣು ತಂದು ಬಹಳ ಹೊತ್ತು ನೋಡಿ, ಇದನ್ನು ನೀವು ನೋಡದೆಯೇ ಮಾಡಿದಿರಾ ಎಂದ. ಮಗಳು ಬರೆದಳು, ನಾನು ಮಾಡಿದೆ ಎಂದೆ. ಹಾಗಂದಾಗ ಎಷ್ಟು ಹೆಮ್ಮೆಪಟ್ಟೆ ಗೊತ್ತೇ? ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ.

ನಿನ್ನ ಕಾಗದಗಳನ್ನೂ ಹಲಗೆಯನ್ನೂ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಲಾರಿಗಳನ್ನು ಬಿಟ್ಟು ಹೋದರು. ಅವು ಅಂಗಡಿಯಲ್ಲಿ ಸಿಗುವ ಮಾಲು, ಅವುಗಳಲ್ಲಿ ರಹಸ್ಯವೇನೂ ಇಲ್ಲವಂತೆ.

ನಿನ್ನ ರಜೆ ಹೋದದ್ದು ನನ್ನಿಂದ. ನಿನ್ನ ಅಮ್ಮ ಇದನ್ನು ದಿನಾ ಹೇಳುತ್ತಾಳೆ, ಹೇಳಲಿ. ಇನ್ನು ಕೇಳುವುದಿಲ್ಲ. ಏನು ಬರೆಯಬೇಕೆಂದೂ ತಿಳಿಯುತ್ತಿಲ್ಲ. ನಾವು ಚೆನ್ನಾಗಿದ್ದೇವೆ.

ಅಪ್ಪ


ಆಗಸ್ಟ್ 5

ಅಪ್ಪಾ, ಅಮ್ಮಾ,

ಚೆನ್ನಾಗಿದ್ದೇನೆ. ಊಟ ಸರಿಯಾಗಿದೆ. ಚಿಂತೆ ಬೇಡ.

ಕಡ್ಡಿ


ಆಗಸ್ಟ್ 29

ಕಡ್ಡೀ,

ನಾನು ನಿನ್ನ ಅಮ್ಮ. ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಓದುವ ಬರೆಯುವ ಕೆಲಸ ನಿನ್ನ ಅಪ್ಪನದು ಎಂದು ಇಷ್ಟು ದಿನ ಬಿಟ್ಟಿದ್ದೆ. ಅವರಿಗೆ ಈಗ ಕೈಯೇ ಓಡುತ್ತಿಲ್ಲ. ಬೆಳಿಗ್ಗೆ ಎದ್ದು ಮೇಜಿನ ಮುಂದೆ ಹೋಗಿ ಕೂರುತ್ತಾರೆ. ಮೇಜಿನ ಮೇಲೆ ಆ ಎರಡು ಲಾರಿ ಬಿಟ್ಟರೆ ಏನೂ ಇಲ್ಲ. ನನ್ನ ಜರಡಿ ತೊಳೆದು ತಂದುಕೊಟ್ಟರು, ನಾನು ಕೇಳಿರಲಿಲ್ಲ. ಗಡಿಯಾರದವನು ಬಂದು ಈ ಸಲ ಏನು ಇಡುತ್ತೀಯಪ್ಪ ಎಂದು ಕೇಳಿದರೆ, ಮಂಡಿ ನೋವು ಎಂದುಬಿಟ್ಟರು. ಮಂಡಿಗೂ ಅದಕ್ಕೂ ಏನು ಸಂಬಂಧವೋ.

ನನಗೆ ಮಣ್ಣು ಗಿಣ್ಣು ತಿಳಿಯುವುದಿಲ್ಲ ಮಗಳೇ. ಆದರೆ ಏಪ್ರಿಲಿನಲ್ಲಿ ನೀನು ಬರೆದ ಕಾಗದ ಓದಿಸಿಕೊಂಡಾಗಿನಿಂದ ನನಗೆ ಒಂದು ಕಸಿವಿಸಿ. ಅಷ್ಟು ಉದ್ದದ ಕಾಗದ. ಅದರಲ್ಲಿ ಒಬ್ಬ ಮನುಷ್ಯ ಪ್ರಾಣಿಯೂ ಇರಲಿಲ್ಲ. ಬರೀ ಹೆಜ್ಜೆ, ಮಂಡಿ, ಸಲಿಕೆ. ಹಲಗೆ ನೋಡಿದಾಗ ಆ ಕಸಿವಿಸಿ ಇನ್ನೂ ಹೆಚ್ಚಾಯಿತು. ನಿನ್ನ ಅಪ್ಪನಿಗೆ ಹೇಳಲಿಲ್ಲ, ಪಾಪ, ಅಷ್ಟು ಖುಷಿಯಲ್ಲಿದ್ದರು.

ಅಲ್ಲಿ ಯಾರು ಮಂಡಿಯೂರಿದ್ದು? ಏನನ್ನು ಅಗೆದರು? ಆ ವಟವಟ ಹುಡುಗಿ ಎಲ್ಲಿ?

ಇದನ್ನು ಓದುವ ಅಧಿಕಾರಿಗಳೇ, ನೀವೂ ಯಾರದೋ ಮಕ್ಕಳು. ಇದನ್ನು ಅವಳಿಗೆ ತಲುಪಿಸಿ.

ಅಮ್ಮ


ಸೆಪ್ಟೆಂಬರ್ 20

ಅಮ್ಮಾ, ಅಪ್ಪಾ,

ಇದನ್ನು ಬರೆಯಲು ಕೂತು ಎದ್ದು ಎರಡು ವಾರ ಕಳೆಯಿತು. ಗಿಣಿ ಇಲ್ಲ. ಏಪ್ರಿಲಿನಲ್ಲೇ ಹೋದಳು.

ಗುಂಡಿನಿಂದಲ್ಲ. ಯಾರೂ ಗುಂಡು ಹಾರಿಸಲಿಲ್ಲ, ಅವತ್ತು ಅಷ್ಟು ನಿಶ್ಶಬ್ದವಾಗಿತ್ತು. ಕಾಲುವೆಯ ಅಂಚಿನಲ್ಲಿ ಒಂದು ಲಾರಿ ವಾಲಿಕೊಂಡು ನಿಂತಿತ್ತು. ಎಂದಿನ ಹಾಗೆ ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ, ಅವಳು ಕೇಬಲ್ ಹಿಡಿದು ಇಳಿದಳು. ಇಳಿಯುವಾಗಲೂ ಏನೋ ಹೇಳುತ್ತಿದ್ದಳು, ಅವರ ಮನೆಯ ಬೆಕ್ಕಿನ ಕಥೆ. ದಂಡೆ ಕುಸಿಯಿತು. ಲಾರಿ ಅವಳ ಮೇಲೆ ಮಗುಚಿತು. ಎಲ್ಲರೂ ಓಡಿ ಬಂದು ಅಗೆದರು. ನಾನೂ ಅಗೆದೆ. ನನ್ನ ಕೈಯಿಂದ ಸಲಿಕೆ ಕಿತ್ತುಕೊಂಡು ಪಕ್ಕಕ್ಕೆ ಕೂರಿಸಿದರು. ಆಗಿನಿಂದ ನಾನು ಮಣ್ಣನ್ನೇ ನೋಡುತ್ತಿದ್ದೆ ಅಮ್ಮಾ. ಬೇರೆ ಕಡೆ ನೋಡಲು ಆಗಲಿಲ್ಲ. ಮರುದಿನವೂ ಹೋಗಿ ನೋಡಿದೆ, ಅದರ ಮರುದಿನವೂ.

ಅದೇ ವಾರ ಅಪ್ಪನ ಕಾಗದ ಬಂತು. ಕಾಲುವೆ ಹೇಗಿದೆ, ದಂಡೆ ಎಂಥದು ಎಂದು. ಇಲ್ಲಿ ಆ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ. ವರದಿಗೆ ಬೇಕಾದ್ದನ್ನು ಕೇಳಿದರು, ಬರೆದುಕೊಂಡರು, ಮರುದಿನ ಹೊಸ ಜೊತೆಗಾರನನ್ನು ಕೊಟ್ಟರು, ಕೆಲಸಕ್ಕೆ ಹೋಗು ಎಂದರು. ಅಪ್ಪ ಒಬ್ಬರೇ ಕೇಳಿದ್ದು. ಅದಕ್ಕೇ ಬರೆದೆ. ಅವಳ ಹೆಸರು ಮಾತ್ರ ಬರೆಯಲು ಕೈ ಬರಲಿಲ್ಲ.

ಅಪ್ಪಾ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಜೂನಿನಲ್ಲಿ ಇತ್ತು, ಈಗ ಇಲ್ಲ. ವಿಚಾರಣೆ ಮುಗಿಯಿತು ಎನ್ನುತ್ತಿದ್ದಾರೆ. ರಜೆಯ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ, ನಾನೂ ಕೇಳುತ್ತಿಲ್ಲ. ಕೇಳಲು ಎದ್ದು ಹೋಗಬೇಕು. ಅದೇ ಆಗುತ್ತಿಲ್ಲ.

ಕಡ್ಡಿ


ಅಕ್ಟೋಬರ್ 6

ನನ್ನ ಮಗಳೇ,

ನಿನ್ನ ಕಾಗದ ಬಂದು ಒಂಬತ್ತು ದಿನ. ಉತ್ತರ ಬರೆಯದ ಹೊರತು ಊಟ ಇಲ್ಲ ಎಂದು ನಿನ್ನ ಅಮ್ಮ ಇವತ್ತು ಬೆಳಿಗ್ಗೆ ಹೇಳಿಬಿಟ್ಟಿದ್ದಾಳೆ. ಅವಳು ಹಾಗೆ ಹೇಳಿದ್ದೇ ಒಳ್ಳೆಯದಾಯಿತು.

ಆ ಜಾಗದ ಮೇಲೆ ನಾನು ವಾರ್ನಿಷ್ ಬಳಿದೆ. ಹೊಳೆಯಲಿ ಎಂದು. ಎಷ್ಟು ಚೆನ್ನಾಗಿದೆ ಎಂದೆ. ಇದನ್ನು ನೆನೆಸಿಕೊಂಡಾಗಲೆಲ್ಲ ಕೈ ಕತ್ತರಿಸಿಕೊಳ್ಳೋಣ ಅನಿಸುತ್ತದೆ.

ಹೋದ ವಾರ ಆ ಇಬ್ಬರಲ್ಲಿ ದೊಡ್ಡವನು ಒಬ್ಬನೇ ಬಂದು ಹಲಗೆ ಹಿಂದಿರುಗಿಸಿದ. ಪೂರ್ತಿ ಮಾಡಿ, ಪ್ರದರ್ಶನಕ್ಕೆ ಇಡಿ, ನಮ್ಮ ಅಡ್ಡಿಯಿಲ್ಲ ಎಂದ. ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದ. ತಾನೂ ಒಂದು ಕಾಲದಲ್ಲಿ ಅಂಥ ಕಡೆ ಇದ್ದವನಂತೆ. ನಿಮ್ಮ ಮಗಳಿಗೆ ಬರೀರಿ, ಬರೆಯೋದು ನಿಲ್ಲಿಸಬೇಡಿ ಎಂದು ಹೇಳಿ ಹೋದ. ಪ್ರದರ್ಶನಕ್ಕೆ ಇಡುವುದಿಲ್ಲ. ಅದನ್ನು ಬೀರುವಿನ ಮೇಲೆ ಬಟ್ಟೆ ಮುಚ್ಚಿ ಇಟ್ಟಿದ್ದೇನೆ. ಗಿಣಿಯ ಮನೆಯವರು ಕೇಳಿದರೆ ಅವರದು, ನೀನು ಒಡೆದು ಹಾಕು ಎಂದರೆ ಒಡೆದು ಹಾಕುತ್ತೇನೆ.

ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತಲ್ಲ. ಜೀವನವಿಡೀ ಬಾಯಿ ತೆರೆದು ಕೂತವರ ಮುಂದೆ ಕೆಲಸ ಮಾಡಿದೆ, ಅವರಿಗೂ ಮಾತಾಡಲು ಆಗುತ್ತಿರಲಿಲ್ಲ, ನನಗೂ ಬೇಕಿರಲಿಲ್ಲ. ನೀನು ಅಲ್ಲಿಗೆ ಹೋದ ದಿನದಿಂದ ನಾನು ನಿನ್ನನ್ನು ಕೇಳಬೇಕೆಂದಿದ್ದದ್ದು ಕೆಸರಿನ ಬಣ್ಣವಲ್ಲ. ಅದನ್ನು ಕೇಳಲು ಧೈರ್ಯವಿರಲಿಲ್ಲ, ಕೆಸರಿನ ಬಣ್ಣ ಕೇಳಿದೆ. ಕೇಳಿದ್ದಕ್ಕೆ ನೀನು ಬರೆದೆ. ಕಾಗದ ಬರುತ್ತಿತ್ತು, ಅಂದರೆ ನೀನು ಇದ್ದೀಯ ಎಂದಾಯಿತು. ಅದಕ್ಕೇ ಇನ್ನೂ ಕೇಳಿದೆ, ಮತ್ತೂ ಕೇಳಿದೆ. ಆಳ, ಅಗಲ, ದಿಕ್ಕು, ಬಾಯಿಗೆ ಬಂದದ್ದೆಲ್ಲ. ನಿನ್ನ ರಜೆಯನ್ನೂ ತಿಂದೆ.

ಇವತ್ತು ಕೇಳುತ್ತೇನೆ. ನಿಮ್ಮ ಅಧಿಕಾರಿ ಓದಲಿ.

ನಿನಗೆ ಹೆದರಿಕೆ ಆಗ್ತಿದೆಯಾ ಮಗಳೇ?

ಹೌದು, ಇಲ್ಲ, ಯಾವುದಾದರೂ ಒಂದು ಬರೆ. ಉಳಿದದ್ದು ಬೇಡ.

ನಿನ್ನ ಅಪ್ಪ


ಅಕ್ಟೋಬರ್ 27

ಅಪ್ಪಾ,

ಹೌದು.

ದಿನಾ ಆಗುತ್ತದೆ. ಲಾರಿ ಹತ್ತುವಾಗ ಆಗುತ್ತದೆ, ಹೊಸ ಜೊತೆಗಾರ ಕೇಬಲ್ ಹಿಡಿದು ಇಳಿಯುವಾಗ ಆಗುತ್ತದೆ, ಗಟ್ಟಿ ನೆಲದ ಮೇಲೆ ಸುಮ್ಮನೆ ನಿಂತಿದ್ದರೂ ಆಗುತ್ತದೆ. ಇಷ್ಟು ಬರೆದು, ಕಾಗದ ಹಿಡಿದುಕೊಂಡು ನಾನೇ ಆ ಅಧಿಕಾರಿಯ ಹತ್ತಿರ ಹೋದೆ. ನನ್ನ ಎದುರಿಗೇ ಓದಿದರು. ಯಾವ ಸಾಲನ್ನೂ ಅಳಿಸಲು ಪೆನ್ನು ಮುಟ್ಟಲಿಲ್ಲ. ಆಮೇಲೆ ರಜೆಯ ಹಾಳೆ ತೆಗೆದು ಸಹಿ ಮಾಡಿಕೊಟ್ಟರು.

ನವೆಂಬರ್ ಹದಿನಾಲ್ಕಕ್ಕೆ ಹೊರಡುತ್ತೇನೆ. ನಿಲ್ದಾಣಕ್ಕೆ ಬರುವುದು ಬೇಡ, ಯಾರನ್ನೂ ಮನೆಗೆ ಕರೆಯುವುದೂ ಬೇಡ. ಬಂದ ಕೂಡಲೇ ಮಲಗುತ್ತೇನೆ. ಮಲಗಿದಾಗ ನೀವು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರಿ ಅಪ್ಪಾ. ಮಾತಾಡಬೇಕಾಗಿಲ್ಲ. ನಾನು ಏಳುವ ತನಕ ಎಲ್ಲಿಗೂ ಹೋಗಬೇಡಿ.

ನಿಮ್ಮ ಕಡ್ಡಿ